ಮೂರು ದೀಪದ ಸಾಕೆಟ್ ಟೆಸ್ಟರ್: ಮನೆಯ ಪ್ಲಗ್ ಪಾಯಿಂಟ್‌ಗಳನ್ನೆಲ್ಲ ಪರೀಕ್ಷಿಸಿದ ಮೇಲೆ ಬರೆದ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಕೊಳ್ಳಿ. ಆದರೆ ಒಂದು ಮಾತು. ಇದು "ತಪ್ಪಿದೆ" ಅಂತ ತೋರಿಸಿದರೆ ಹಿಂದೆಮುಂದೆ ನೋಡದೆ ನಂಬಿ. "ಸರಿ ಇದೆ" ಅಂತ ತೋರಿಸಿದರೆ ಅಷ್ಟಕ್ಕೇ ನಿಶ್ಚಿಂತೆಯಿಂದ ಇರಬೇಡಿ. ಈ ಟೆಸ್ಟರ್ ಬಗ್ಗೆ ಆನ್‌ಲೈನ್‌ನಲ್ಲಿ ಹುಡುಕಿದಾಗ ನನಗೆ ಸಿಕ್ಕಿದ್ದೆಲ್ಲ "ಒಳ್ಳೆ ಪ್ರಾಡಕ್ಟ್, ಡೆಲಿವರಿ ಬೇಗ ಬಂತು" ಅನ್ನುವಂಥ ಮಾತುಗಳೇ. ಅದರಿಂದ ಯಾರಿಗೆ ಏನು ಉಪಯೋಗ? ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ವಸ್ತು ತೀರಾ ಚಿಕ್ಕದು. ನಮ್ಮ ಮಾಮೂಲಿ 6 ಆಂಪಿಯರ್ ಮೂರು ಪಿನ್ ಪ್ಲಗ್ ಥರಾನೇ ಇರುತ್ತದೆ, ವೈರ್ ಇಲ್ಲ. ಬೆನ್ನ ಮೇಲೆ ಮೂರು ಪುಟ್ಟ ದೀಪ, ಪಕ್ಕದಲ್ಲಿ ಒಂದು ಬಟನ್. ಪ್ಲಗ್ ಪಾಯಿಂಟ್‌ಗೆ ಚುಚ್ಚಿ ಸ್ವಿಚ್ ಹಾಕಿದರೆ ಯಾವ ದೀಪ ಉರಿಯುತ್ತದೆ, ಯಾವುದು ಉರಿಯುವುದಿಲ್ಲ ಅನ್ನುವುದರ ಮೇಲೆ ಒಳಗಿನ ವೈರಿಂಗ್ ಹೇಗಿದೆ ಅಂತ ಗೊತ್ತಾಗುತ್ತದೆ. ಕಂಪನಿ ಹೆಸರು ಹೇಳಿ ಪ್ರಯೋಜನವಿಲ್ಲ, ಇದೇ ಮಾದರಿ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ. ಒಳಗೆ ಇರುವುದೂ ಸರಳ. ಒಂದು ದೀಪ ಫೇಸ್ (ಕರೆಂಟ್ ಬರುವ ವೈರ್) ಮತ್ತು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ನಡುವೆ, ಒಂದು ಫೇಸ್ ಮತ್ತು ಅರ್ತ್ (ನೆಲಕ್ಕೆ ಹೋಗುವ ರಕ್ಷಣೆಯ ವೈರ್) ನಡುವೆ, ಇನ್ನೊಂದು ನ್ಯೂಟ್ರಲ್ ಮತ್ತು ಅರ್ತ್ ನಡುವೆ. ಇಷ್ಟೇ.

ನಮ್ಮದು ಶಿವಮೊಗ್ಗದಲ್ಲಿ ಹಳೆಯ ಮನೆ. ಮಳೆಗಾಲ ಬಂತೆಂದರೆ ಗೋಡೆ ಒದ್ದೆ. ವಾಷಿಂಗ್ ಮೆಷಿನ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು, ಅದರ ಜೊತೆಗೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ಮನೆಯ ಲೈನ್ ಕಡಿಯುವ ಸ್ವಿಚ್) ಬೇಕೆಂದಾಗೆಲ್ಲ ಟ್ರಿಪ್ ಆಗುತ್ತಿತ್ತು. ಅಮ್ಮ ಒದ್ದೆ ಕೈಯಲ್ಲೇ ಮೆಷಿನ್ ಮುಚ್ಚಳ ತೆಗೆಯುತ್ತಾರೆ, ಎಷ್ಟು ಹೇಳಿದರೂ ಕೇಳುವುದಿಲ್ಲ. ನನಗೆ ಅದೇ ಭಯ. ಯಾರನ್ನಾದರೂ ಕರೆದರೆ ಸ್ಕ್ರೂಡ್ರೈವರ್ ಟೆಸ್ಟರ್ ಚುಚ್ಚಿ, ದೀಪ ನೋಡಿ, "ಕರೆಂಟ್ ಬರ್ತಿದೆ, ಏನೂ ತೊಂದ್ರೆ ಇಲ್ಲ" ಅಂತ ಹೇಳಿ ಹೋಗುತ್ತಿದ್ದರು.

ಎಲ್ಲರ ಮನೆಯಲ್ಲೂ ಇರುವ ಆ ಸ್ಕ್ರೂಡ್ರೈವರ್ ಟೆಸ್ಟರ್ ಬಗ್ಗೆ ಇಲ್ಲೇ ಹೇಳಬೇಕು. ಅದು ಫೇಸ್ ಇದೆಯಾ ಅಂತ ಮಾತ್ರ ಹೇಳುತ್ತದೆ. ನ್ಯೂಟ್ರಲ್ ಸರಿಯಿದೆಯಾ, ಅರ್ತ್ ಇದೆಯಾ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಇನ್ನೊಂದು ಗೊಂದಲವೂ ಇದೆ. ಏನೂ ಓಡುತ್ತಿಲ್ಲ, ಆದರೆ ಟೆಸ್ಟರ್ ಇಟ್ಟರೆ ಎರಡೂ ತೂತಿನಲ್ಲಿ ದೀಪ ಉರಿಯುತ್ತದೆ. "ಎರಡು ಫೇಸ್ ಬಂದುಬಿಟ್ಟಿದೆ" ಅಂತ ಗಾಬರಿಯಾಗುವವರೇ ಜಾಸ್ತಿ. ಒಂದೇ ಫೇಸ್ ಇರುವ ಮನೆಯಲ್ಲಿ ಇನ್ನೊಂದು ಎಲ್ಲಿಂದ ಬರಬೇಕು? ಹೀಗಾದಾಗ ಸಾಮಾನ್ಯವಾಗಿ ಎಲ್ಲೋ ನ್ಯೂಟ್ರಲ್ ಕಡಿದುಹೋಗಿರುತ್ತದೆ. ಅದೇ ಲೈನಿನಲ್ಲಿ ಆನ್ ಆಗಿರುವ ಒಂದು ಬಲ್ಬೋ ಫ್ಯಾನೋ ಮೂಲಕ ಫೇಸ್ ಹಾದು ಬಂದು ನ್ಯೂಟ್ರಲ್ ವೈರಿನಲ್ಲೂ ನಿಂತಿರುತ್ತದೆ. ಆ ಲೈನಿನ ಸ್ವಿಚ್‌ಗಳನ್ನೆಲ್ಲ ಆಫ್ ಮಾಡಿ, ಜೋಡಿಸಿದ್ದನ್ನೆಲ್ಲ ಕಿತ್ತು ನೋಡಿದರೆ ಎರಡನೇ ತೂತಿನ ದೀಪ ಆರುತ್ತದೆ.

ಈಗ ಮೂರು ದೀಪದ ಲೆಕ್ಕ. ನಮ್ಮ ಸಾಕೆಟ್ಟನ್ನು ಎದುರಿನಿಂದ ನೋಡಿದರೆ ಮೇಲಿನ ದಪ್ಪ ತೂತು ಅರ್ತ್, ಕೆಳಗೆ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್ ಇರಬೇಕು. ಎಲ್ಲ ಸರಿಯಿದ್ದರೆ ಫೇಸ್-ನ್ಯೂಟ್ರಲ್ ದೀಪ, ಫೇಸ್-ಅರ್ತ್ ದೀಪ ಎರಡೂ ಉರಿಯಬೇಕು, ನ್ಯೂಟ್ರಲ್-ಅರ್ತ್ ದೀಪ ಆರಿರಬೇಕು. ಫೇಸ್-ನ್ಯೂಟ್ರಲ್ ಒಂದೇ ಉರಿದರೆ ಅರ್ತ್ ಇಲ್ಲ. ಫೇಸ್-ಅರ್ತ್ ಒಂದೇ ಉರಿದರೆ ನ್ಯೂಟ್ರಲ್ ಕಡಿದಿದೆ. ಫೇಸ್-ನ್ಯೂಟ್ರಲ್ ಜೊತೆ ನ್ಯೂಟ್ರಲ್-ಅರ್ತ್ ದೀಪವೂ ಉರಿದರೆ ಫೇಸ್, ನ್ಯೂಟ್ರಲ್ ಅದಲುಬದಲಾಗಿವೆ. ಯಾವುದೂ ಉರಿಯದಿದ್ದರೆ ಫೇಸೇ ಬರುತ್ತಿಲ್ಲ, ಅಥವಾ ನ್ಯೂಟ್ರಲ್ಲೂ ಅರ್ತೂ ಎರಡೂ ಇಲ್ಲ, ಅಂದರೆ ಆಗಲೂ ಫೇಸ್ ಇರಬಹುದು, ಕೈ ಹಾಕಬೇಡಿ. ಇದೆಲ್ಲ ಟೆಸ್ಟರ್ ಮೇಲೆಯೇ ಅಂಟಿಸಿದ್ದಾರೆ, ಆದರೆ ಇಂಗ್ಲಿಷಿನಲ್ಲಿ, ಅದೂ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಅಮ್ಮನಿಗೆ ಅಂತ ನಾನು ಕನ್ನಡದಲ್ಲಿ ಒಂದು ಚೀಟಿ ಬರೆದು ಮೀಟರ್ ಬೋರ್ಡ್ ಬಾಗಿಲ ಒಳಗೆ ಅಂಟಿಸಿದೆ. ಕಂಪನಿಯವರೇ ಕನ್ನಡದ ಒಂದು ಸ್ಟಿಕ್ಕರ್ ಕೊಟ್ಟಿದ್ದರೆ ಎಷ್ಟು ಜನಕ್ಕೆ ಅನುಕೂಲವಾಗುತ್ತಿತ್ತು.

ಮೊದಲ ಲಾಭ ಸಿಕ್ಕಿದ್ದು ಅಡುಗೆಮನೆಯಲ್ಲಿ. ಫ್ರಿಜ್ ಪಾಯಿಂಟ್‌ನಲ್ಲಿ ಎಲ್ಲ ಸರಿ. ಪಕ್ಕದ ಮಿಕ್ಸಿ ಪಾಯಿಂಟ್‌ನಲ್ಲಿ ಅರ್ತ್ ಇಲ್ಲ. ಅದರಾಚೆ ಹಿತ್ತಲ ಕಡೆಯ ವಾಷಿಂಗ್ ಮೆಷಿನ್ ಪಾಯಿಂಟ್‌ನಲ್ಲೂ ಇಲ್ಲ. ಇಲ್ಲಿ ಒಂದೊಂದು ಸಾಕೆಟ್ಟನ್ನು ಬಿಡಿಬಿಡಿಯಾಗಿ ನೋಡಬಾರದು. ನಮ್ಮ ಕಡೆ ಒಂದು ಬೋರ್ಡಿನಿಂದ ಇನ್ನೊಂದಕ್ಕೆ ಲೂಪ್ ಮಾಡಿಕೊಂಡು ಹೋಗಿರುತ್ತಾರೆ. ಹಾಗಾಗಿ ಒಂದು ಕಡೆ ಬಿಟ್ಟುಹೋದರೆ ಅಲ್ಲಿಂದ ಮುಂದಿನದಕ್ಕೆಲ್ಲ ಅರ್ತ್ ತಪ್ಪಿಹೋಗುತ್ತದೆ. ಕೊನೆಯದಾಗಿ ಸರಿಯಿರುವ ಬೋರ್ಡ್ ಯಾವುದು, ಮೊದಲು ಕೆಟ್ಟಿರುವ ಬೋರ್ಡ್ ಯಾವುದು, ಅವೆರಡನ್ನು ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಸುಮ್ನೆ ಇಡೀ ಮನೆಯ ಬೋರ್ಡ್ ಬಿಚ್ಚಿಸಬೇಕಾಗಿಲ್ಲ, ಎಲೆಕ್ಟ್ರಿಷಿಯನ್‌ಗೆ ಕೊಡುವ ಕೂಲಿಯೂ ಉಳಿಯುತ್ತದೆ.

ನಮ್ಮಲ್ಲಿ ತಪ್ಪು ಇದ್ದಿದ್ದು ಮಿಕ್ಸಿ ಬೋರ್ಡಿನಲ್ಲಿ. ಮೇನ್ ಆಫ್ ಮಾಡಿ ಪ್ಲೇಟ್ ತೆಗೆಸಿದೆ. ಒಳಗೆ ಒಂದು ಹಸಿರು ವೈರ್ ಬಂದಿದೆ, ಇನ್ನೊಂದು ಹಸಿರು ವೈರ್ ಮುಂದಕ್ಕೆ ಹೋಗಿದೆ, ಎರಡರ ತುದಿಯನ್ನೂ ಬೇರೆ ಬೇರೆಯಾಗಿ ಕಪ್ಪು ಟೇಪ್ ಸುತ್ತಿ ಬಾಕ್ಸಿನ ಹಿಂದೆ ಮಡಿಚಿ ತುರುಕಿದ್ದಾರೆ. ಸಾಕೆಟ್ಟಿನ ಅರ್ತ್ ಸ್ಕ್ರೂ ಮೇಲೆ ಒಂದು ಗೀರೂ ಇಲ್ಲ, ಹೊಸದರ ಹಾಗೇ ಹೊಳೆಯುತ್ತಿದೆ. ಬಣ್ಣ ಹೊಡೆಸುವಾಗ ಹಳೆ ಸ್ವಿಚ್ ತೆಗೆದು ಮಾಡ್ಯುಲರ್ ಪ್ಲೇಟ್ ಹಾಕಿದ್ದರಲ್ಲ, ಆಗಿನ ಕೆಲಸ. ನನಗೆ ನಿಜವಾಗಿ ಸಿಟ್ಟು ಬಂತು. ಎರಡು ನಿಮಿಷದ ಕೆಲಸ, ಎರಡು ವೈರ್ ಸೇರಿಸಿ ಒಂದು ಸ್ಕ್ರೂ ತಿರುಗಿಸಿದ್ದರೆ ಮುಗಿಯುತ್ತಿತ್ತು. ಅಷ್ಟು ವರ್ಷ ಅಮ್ಮ ಆ ಮೆಷಿನ್ ಮುಟ್ಟಿದ್ದಾರೆ.

ಅರ್ತ್ ಇಲ್ಲದಿದ್ದರೆ ಮೈ ಯಾಕೆ ಜುಮ್ ಅನ್ನುತ್ತದೆ ಅಂತ ಕೇಳುವವರಿಗೆ: ಈಗಿನ ವಾಷಿಂಗ್ ಮೆಷಿನ್, ಕಂಪ್ಯೂಟರ್, ಕೆಲವು ಲ್ಯಾಪ್‌ಟಾಪ್ ಚಾರ್ಜರ್ ಇವುಗಳೊಳಗೆ ಫಿಲ್ಟರ್ ಅಂತ ಇರುತ್ತದೆ. ಅದರ ಕೆಪಾಸಿಟರ್‌ಗಳು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಮೆಷಿನ್ ಬಾಡಿಗೆ, ಅಂದರೆ ಲೋಹದ ಹೊರಮೈಗೆ, ಜೋಡಿಸಿರುತ್ತವೆ. ಅರ್ತ್ ಇದ್ದರೆ ಆ ಸಣ್ಣ ಕರೆಂಟ್ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಬಾಡಿ ಮೇಲೆ 230ರ ಅರ್ಧ, ಅಂದರೆ ಸುಮಾರು 115 ವೋಲ್ಟ್ ನಿಂತಿರುತ್ತದೆ. ಕರೆಂಟ್ ತೀರಾ ಕಡಿಮೆ ಇರುವುದರಿಂದ ಬರೀ ಜುಮ್ ಅನ್ನುತ್ತದೆ. ಆದರೆ ಮೆಷಿನ್ ಒಳಗೆ ನಿಜವಾಗಿ ಫೇಸ್ ವೈರ್ ಬಾಡಿಗೆ ತಾಗಿದ ದಿನ ಅದು ಜುಮ್ ಅನ್ನುವುದರಲ್ಲಿ ನಿಲ್ಲುವುದಿಲ್ಲ. ಅರ್ತ್ ಇದ್ದಿದ್ದರೆ ಆ ಕ್ಷಣವೇ ಟ್ರಿಪ್ ಆಗುತ್ತಿತ್ತು. ಇಲ್ಲದಿದ್ದರೆ ಯಾರಾದರೂ ಮುಟ್ಟುವವರೆಗೆ ಇಎಲ್‌ಸಿಬಿಗೆ ಗೊತ್ತೇ ಆಗುವುದಿಲ್ಲ.

ಹಾಲ್‌ನಲ್ಲಿ ಟಿವಿ ಪಾಯಿಂಟ್‌ನ ಫೇಸ್ ನ್ಯೂಟ್ರಲ್ ಅದಲುಬದಲಾಗಿತ್ತು, ಅದನ್ನು ಸರಿಮಾಡಿಸಿದ್ದಾಯಿತು. ಅದಕ್ಕಿಂತ ಮುಖ್ಯವಾದದ್ದು ಹಳೆ ರೂಮಿನದು. ಟೆಸ್ಟರ್ ಚುಚ್ಚಿದಾಗ ಎಲ್ಲ ಸರಿ ಅಂತ ತೋರಿಸಿತು. ಹಾಗೇ ಬಿಟ್ಟು ಸ್ವಿಚ್ ಆಫ್ ಮಾಡಿದೆ. ಮೂರೂ ದೀಪ ಆರಬೇಕು ಅಲ್ವಾ? ಫೇಸ್-ಅರ್ತ್ ದೀಪ ಉರಿಯುತ್ತಲೇ ಇತ್ತು. ಅಂದರೆ ಅಲ್ಲಿ ಸ್ವಿಚ್ ಇರುವುದು ನ್ಯೂಟ್ರಲ್‌ಗೆ. ಸ್ವಿಚ್ ಆಫ್ ಮಾಡಿದರೂ ಸಾಕೆಟ್ಟಿನಲ್ಲಿ ಫೇಸ್ ಇದ್ದೇ ಇದೆ. ಸ್ವಿಚ್ ಆಫ್ ಮಾಡಿದ್ದೇನಲ್ಲ ಅಂತ ಇಸ್ತ್ರಿ ಪೆಟ್ಟಿಗೆ ಬಿಚ್ಚುವವರು, ಬೋರ್ಡ್ ಒರೆಸುವವರು ಎಷ್ಟು ಜನ ಇಲ್ಲ! ಈ ಪರೀಕ್ಷೆ ಟೆಸ್ಟರ್ ಚಾರ್ಟಿನಲ್ಲಿ ಇಲ್ಲ, ಆದರೆ ಪ್ರತಿ ಪಾಯಿಂಟ್‌ನಲ್ಲೂ ಮಾಡಿ: ಸ್ವಿಚ್ ಆಫ್ ಮಾಡಿದ ಮೇಲೆ ಯಾವ ದೀಪವೂ ಉರಿಯಬಾರದು. ಅರ್ತ್ ಇಲ್ಲದ ಪಾಯಿಂಟ್‌ನಲ್ಲಿ ಮಾತ್ರ ಇದು ನಡೆಯುವುದಿಲ್ಲ, ಮೊದಲು ಅರ್ತ್ ಸರಿ ಮಾಡಿಸಿಕೊಳ್ಳಬೇಕು.

ಇಷ್ಟೆಲ್ಲ ಆದರೂ ಇಎಲ್‌ಸಿಬಿ ಟ್ರಿಪ್ ಆಗುವುದು ನಿಲ್ಲಲಿಲ್ಲ. ಟೆಸ್ಟರ್ ಪ್ರಕಾರ ಈಗ ಎಲ್ಲ ಪಾಯಿಂಟೂ ಸರಿ. ಇದರ ಮಿತಿ ಅರ್ಥವಾಗುವುದು ಇಲ್ಲೇ. ನ್ಯೂಟ್ರಲ್ಲೂ ಅರ್ತೂ ಎರಡೂ ಸುಮಾರು ಸೊನ್ನೆ ವೋಲ್ಟಿನಲ್ಲೇ ಇರುವುದರಿಂದ, ಅವೆರಡು ಒಂದಕ್ಕೊಂದು ತಾಗಿಕೊಂಡಿದ್ದರೂ, ಅದಲುಬದಲಾಗಿದ್ದರೂ ಈ ಮೂರು ದೀಪಕ್ಕೆ ಗೊತ್ತಾಗುವುದಿಲ್ಲ. ಎಲ್ಲ ಸರಿ ಅಂತಲೇ ತೋರಿಸುತ್ತದೆ.

ಈ ಸಲ ಬಂದ ಎಲೆಕ್ಟ್ರಿಷಿಯನ್ ಹುಡುಗ ಮೊದಲು ಮಾಡಿದ್ದು ಎಂಸಿಬಿಗಳನ್ನೆಲ್ಲ (ಒಂದೊಂದು ಲೈನಿಗೂ ಇರುವ, ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್) ಇಳಿಸಿ, ಇಎಲ್‌ಸಿಬಿ ಒಂದನ್ನೇ ಮೇಲೆ ಮಾಡಿದ್ದು. ಸ್ವಲ್ಪ ಹೊತ್ತಿಗೆ ಅದು ಬಿತ್ತು. "ಅಕ್ಕಾ, ಇದು ಫೇಸ್ ಲೀಕ್ ಅಲ್ಲ, ನ್ಯೂಟ್ರಲ್ ಎಲ್ಲೋ ಅರ್ತಿಗೆ ತಾಗಿದೆ. ಎಂಸಿಬಿ ಎಲ್ಲ ಇಳಿಸಿದ್ರೂ ಬೀಳ್ತಿದೆ ನೋಡಿ," ಅಂದ. ಮನೆಗಳಲ್ಲಿ ಇರುವ ಸಾಮಾನ್ಯ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಜೋಡಿಸಿಕೊಂಡಿರುತ್ತದೆ. ಹಾಗಾಗಿ ಎಂಸಿಬಿ ಇಳಿಸಿ ಲೀಕ್ ಹುಡುಕುವುದು ಇಂಥ ಕಡೆ ಕೆಲಸಕ್ಕೆ ಬರುವುದಿಲ್ಲ. ಅವನು ಮೇನ್ ಆಫ್ ಮಾಡಿ ನ್ಯೂಟ್ರಲ್ ಲಿಂಕ್‌ನಿಂದ (ನ್ಯೂಟ್ರಲ್ ವೈರುಗಳೆಲ್ಲ ಬಂದು ಸೇರುವ ಪಟ್ಟಿ) ಒಂದೊಂದೇ ಕಪ್ಪು ವೈರ್ ಬಿಚ್ಚುತ್ತಾ, ಮತ್ತೆ ಆನ್ ಮಾಡಿ ನೋಡುತ್ತಾ ಹೋದ. ಸಿಕ್ಕಿದ್ದು ಜಗಲಿಯ ಬೋರ್ಡಿನಲ್ಲಿ. ಪ್ಲೇಟಿನ ಸ್ಕ್ರೂ ಕಪ್ಪು ವೈರಿನ ಮೇಲೆ ಕೂತು, ಸಿಪ್ಪೆ ಸುಲಿದು, ಕಬ್ಬಿಣದ ಬಾಕ್ಸಿಗೆ ತಾಗಿತ್ತು. ಅದೇ ಬಾಕ್ಸಿಗೆ ಅರ್ತ್ ಕೊಟ್ಟಿದ್ದಾರೆ. ಒಣ ಹವೆಯಲ್ಲಿ ಸುಮ್ಮನಿರುತ್ತಿತ್ತು, ಥಂಡಿ ಹಿಡಿದಾಗ ಟ್ರಿಪ್ ಆಗುತ್ತಿತ್ತು. ಆ ಪಾಯಿಂಟ್‌ಗೆ ಈಗಲೂ ನಾನು ಟೆಸ್ಟರ್ ಚುಚ್ಚಿದರೆ ಆವತ್ತು ತೋರಿಸಿದ್ದನ್ನೇ ತೋರಿಸುತ್ತದೆ, ಒಂಚೂರೂ ವ್ಯತ್ಯಾಸವಿಲ್ಲ. ಯುಪಿಎಸ್ ಇರುವ ಮನೆಯಲ್ಲಿ ಇನ್ನೊಂದನ್ನೂ ನೋಡಿಸಿ, ಯುಪಿಎಸ್ ಲೈನಿಗೆ ಫೇಸ್ ಒಂದು ಕಡೆಯಿಂದ, ನ್ಯೂಟ್ರಲ್ ಬೇರೆ ಕಡೆಯಿಂದ ಕೊಟ್ಟಿದ್ದರೂ ಇಎಲ್‌ಸಿಬಿ ಬೀಳುತ್ತದೆ.

ಇನ್ನು ಪಕ್ಕದ ಬಟನ್. ನನಗೆ ಈ ವಸ್ತುವಿನಲ್ಲಿ ತುಂಬ ಇಷ್ಟವಾದದ್ದು ಅದೇ. ಅದನ್ನು ಒತ್ತಿದರೆ ಫೇಸ್‌ನಿಂದ ಅರ್ತಿಗೆ ಬೇಕೆಂದೇ ಸುಮಾರು 30 ಮಿಲಿಆಂಪ್ ಕರೆಂಟ್ ಹರಿಸುತ್ತದೆ. ಇಎಲ್‌ಸಿಬಿ 30 ಮಿಲಿಆಂಪಿನದಾಗಿದ್ದು, ಅದೂ ಸರಿಯಿದ್ದು, ಅರ್ತೂ ಸರಿಯಿದ್ದರೆ ಟಕ್ ಅಂತ ಬೀಳಬೇಕು. ಒತ್ತುವ ಮೊದಲು ಕಂಪ್ಯೂಟರ್ ಆಫ್ ಮಾಡಿಕೊಳ್ಳಿ, ಮನೆಯ ಕರೆಂಟೇ ಹೋಗುತ್ತದೆ.

ಇಎಲ್‌ಸಿಬಿ ಮೇಲೆಯೂ ಟಿ ಅಂತ ಒಂದು ಬಟನ್ ಇರುತ್ತದಲ್ಲ, ಅದು ಬೇರೆ. ಅದಕ್ಕೆ ಮನೆಯ ಅರ್ತ್ ಬೇಕಾಗಿಲ್ಲ, ತನ್ನೊಳಗೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಅರ್ತ್ ಇಲ್ಲದ ಮನೆಯಲ್ಲೂ ಟಿ ಒತ್ತಿದರೆ ಬೀಳುತ್ತದೆ. ಅದನ್ನು ನೋಡಿ ಅರ್ತಿಂಗ್ ಚೆನ್ನಾಗಿದೆ ಅಂದುಕೊಳ್ಳುವವರಿದ್ದಾರೆ, ಹಾಗಲ್ಲ. ಎರಡೂ ಬಟನ್ ಒತ್ತಿ ನೋಡಬೇಕು. 30 ಮಿಲಿಆಂಪಿನ ಇಎಲ್‌ಸಿಬಿಯಲ್ಲಿ ಟಿ ಒತ್ತಿದರೆ ಬೀಳುತ್ತದೆ, ಟೆಸ್ಟರ್ ಬಟನ್ ಒತ್ತಿದರೆ ಬೀಳುವುದಿಲ್ಲ ಅಂದರೆ ಆ ಪಾಯಿಂಟ್‌ನ ಅರ್ತಿನಲ್ಲೇ ಏನೋ ಇದೆ.

ಅದರಲ್ಲೂ ದೀಪಗಳೆಲ್ಲ ಸರಿ ತೋರಿಸಿ, ಟಿ ಬಟನ್ ಕೆಲಸ ಮಾಡಿ, ಟೆಸ್ಟರ್ ಬಟನ್‌ಗೆ ಮಾತ್ರ ಬೀಳಲಿಲ್ಲ ಅಂದರೆ ತಕ್ಷಣ ಬೋರ್ಡ್ ಬಿಚ್ಚಿಸಿ. ಅರ್ತ್ ತೀರಾ ಕಳಪೆ ಇರಬಹುದು. ಇಲ್ಲವೇ ಯಾರೋ ಸಾಕೆಟ್ಟಿನ ಹಿಂದೆ ನ್ಯೂಟ್ರಲ್‌ನಿಂದ ಅರ್ತ್ ಸ್ಕ್ರೂಗೆ ಒಂದು ತುಂಡು ವೈರ್ ಹಾಕಿರುತ್ತಾರೆ. ಅರ್ತ್ ವೈರ್ ಎಳೆದಿಲ್ಲದ ಹಳೆ ಮನೆಗಳಲ್ಲಿ, ಎಸಿಗೋ ಸ್ಟೆಬಿಲೈಜರ್‌ಗೋ ಅರ್ತ್ ಬೇಕು ಅಂದಾಗ ಮಾಡುವ ಅಡ್ಡದಾರಿ ಇದು. ಟೆಸ್ಟರ್ ಬಟನ್ ಒತ್ತಿದಾಗ ಹೋದ ಕರೆಂಟ್ ಅದೇ ನ್ಯೂಟ್ರಲ್‌ನಲ್ಲಿ ಇಎಲ್‌ಸಿಬಿಗೇ ವಾಪಸ್ ಬರುತ್ತದೆ, ಹೋದಷ್ಟೂ ಬಂತಲ್ಲ ಅಂತ ಅದು ಸುಮ್ಮನಿರುತ್ತದೆ. ಇದು ಎಷ್ಟು ಅಪಾಯ ಅಂದರೆ, ಆ ನ್ಯೂಟ್ರಲ್ ಹಿಂದೆ ಎಲ್ಲಾದರೂ ಕಡಿದರೆ, ಆನ್ ಆಗಿರುವ ಫ್ರಿಜ್ಜಿನ ಬಾಡಿಗೇ 230 ವೋಲ್ಟ್ ಬಂದು ಕೂರುತ್ತದೆ. ಯಾವ ಮನೆಯಲ್ಲೂ ಇದನ್ನು ಬಿಡಬಾರದು, ದಯವಿಟ್ಟು.

ಲೂಸ್ ಕನೆಕ್ಷನ್ ಕೂಡ ಇದಕ್ಕೆ ಕಾಣಿಸುವುದಿಲ್ಲ. ದೀಪ ಉರಿಯಲು ಬೇಕಾಗುವ ಕರೆಂಟ್ ಎಷ್ಟು ಮಹಾ? ಒಂದು ಎಳೆ ವೈರ್ ತಾಗಿದ್ದರೂ ಉರಿಯುತ್ತದೆ. 2 ಕಿಲೋವ್ಯಾಟ್ ಗೀಸರ್ ಹಾಕಿದರೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಆಗ ಆ ಲೂಸ್ ಸ್ಕ್ರೂ ಕಾಯುತ್ತದೆ, ಸಾಕೆಟ್ ಕಂದುತ್ತದೆ, ಸುಟ್ಟ ವಾಸನೆ ಬರುತ್ತದೆ. ಅದನ್ನು ಹಿಡಿಯಲು ಮೂಗು ಬೇಕು. ಇಸ್ತ್ರಿ ಪೆಟ್ಟಿಗೆಯನ್ನೋ ಗೀಸರನ್ನೋ ಸ್ವಲ್ಪ ಹೊತ್ತು ಓಡಿಸಿ, ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೆ ಪಿನ್ ಬಿಸಿಯಾಗಿದೆಯಾ ನೋಡಿ, ಬಿಸಿ ಜಾಸ್ತಿ ಇದ್ದರೆ ಸಾಕೆಟ್ ಬದಲಾಯಿಸಿ.

ಇದರ ಜೊತೆಗೆ ಮಲ್ಟಿಮೀಟರ್ ಬೇಕೇ ಅಂದರೆ, ಬಳಸಲು ಬರುವವರಿಗೆ ಬೇಕು, ಕ್ಯಾಟ್ 3 ರೇಟಿಂಗ್ (ಮನೆಯ ಲೈನಿನಲ್ಲಿ ಬಳಸಲು ಸುರಕ್ಷಿತ ಅನ್ನುವ ಗುರುತು) ಇರುವುದು. ಫೇಸ್-ನ್ಯೂಟ್ರಲ್ 230ರ ಆಸುಪಾಸು, ಫೇಸ್-ಅರ್ತ್ ಅಷ್ಟೇ, ನ್ಯೂಟ್ರಲ್-ಅರ್ತ್ ಒಂದೆರಡು ವೋಲ್ಟ್. ಈ ಕೊನೆಯದು ಹತ್ತಿಪ್ಪತ್ತು ವೋಲ್ಟ್ ದಾಟಿದರೆ ನ್ಯೂಟ್ರಲ್ ಎಲ್ಲೋ ಸಡಿಲ, ಅಥವಾ ಅರ್ತ್ ಕೆಟ್ಟಿದೆ. ಎಲ್ಲೂ ಜೋಡಿಸದೆ ಬಿಟ್ಟ ವೈರಿನಲ್ಲೂ ಮೀಟರ್ ಸುಮ್ಮಸುಮ್ಮನೆ ಐವತ್ತೋ ನೂರೋ ತೋರಿಸುತ್ತದೆ, ಪಕ್ಕದ ಫೇಸ್ ವೈರಿನ ಪ್ರಭಾವ ಅದು. ಎಲೆಕ್ಟ್ರಿಷಿಯನ್‌ಗಳು ಹೋಲ್ಡರ್‌ಗೆ ಬಲ್ಬ್ ಹಾಕಿ ಪರೀಕ್ಷಿಸುವುದು ಇದಕ್ಕೇ, ಬಲ್ಬ್ ಹಾಕಿದರೆ ಆ ಸುಳ್ಳು ವೋಲ್ಟೇಜ್ ಇಳಿದುಹೋಗುತ್ತದೆ. ಆದರೆ ಇಎಲ್‌ಸಿಬಿ ಇರುವ ಮನೆಯಲ್ಲಿ ಫೇಸ್‌ಗೂ ಅರ್ತಿಗೂ 60 ವ್ಯಾಟ್ ಬಲ್ಬ್ ಹಾಕಿದರೆ ಸುಮಾರು 260 ಮಿಲಿಆಂಪ್ ಹರಿದು ಟ್ರಿಪ್ ಆಗುತ್ತದೆ. ಅಲ್ಲಿ ಈ ಟೆಸ್ಟರೇ ವಾಸಿ.

ಕೊಳ್ಳುವಾಗ ಪ್ಲಗ್ ಯಾವ ದೇಶದ್ದು ಅಂತ ಚಿತ್ರ ನೋಡಿ. ಆನ್‌ಲೈನ್‌ನಲ್ಲಿ ಇಂಗ್ಲೆಂಡಿನ ಚಪ್ಪಟೆ ಪಿನ್‌ನದು, ಅಮೆರಿಕದ್ದು, ಯುರೋಪಿನದು ಎಲ್ಲ ಕಲಸಿಕೊಂಡಿವೆ. ಅಮೆರಿಕದ್ದು 110-120 ವೋಲ್ಟಿಗೆ ಮಾಡಿದ್ದು, ನಮ್ಮ ಲೈನಿಗೆ ಹಾಕಲೇಬೇಡಿ. ಬೇರೆ ದೇಶದ್ದನ್ನು ಅಗ್ಗದ ಅಡಾಪ್ಟರ್‌ಗೆ ಸಿಕ್ಕಿಸಿ ಬಳಸಿದರೆ, ಎಷ್ಟೋ ಅಡಾಪ್ಟರ್‌ಗಳಲ್ಲಿ ಅರ್ತ್ ಪಿನ್ ಹೆಸರಿಗೆ ಮಾತ್ರ ಇರುತ್ತದೆ, ಒಳಗೆ ಜೋಡಿಸಿರುವುದಿಲ್ಲ. ಸರಿಯಿರುವ ಪಾಯಿಂಟನ್ನೂ ಅರ್ತ್ ಇಲ್ಲ ಅಂತ ತೋರಿಸುತ್ತದೆ. ಹಾಗಾಗಿ ಮೂರು ಗುಂಡು ಪಿನ್‌ನ ಇಂಡಿಯನ್ ಪ್ಲಗ್ ಇರುವುದನ್ನೇ ತಗೊಳ್ಳಿ, ಬಟನ್ ಇರುವುದನ್ನೇ ತಗೊಳ್ಳಿ. ಬಟನ್ ಇಲ್ಲದ್ದು ಸ್ವಲ್ಪ ಕಡಿಮೆ ಬೆಲೆಗೆ ಸಿಗುತ್ತದೆ, ಆದರೆ ಅರ್ಧ ಕೆಲಸ ಆ ಬಟನ್‌ನಿಂದಲೇ ಆಗುವುದು. ಮನೆಯ ಎಕ್ಸ್‌ಟೆನ್ಷನ್ ಬೋರ್ಡ್‌ಗಳನ್ನೂ ಇದರಲ್ಲಿ ನೋಡಿಬಿಡಿ, ಮೂರು ತೂತಿನ ಬೋರ್ಡಿಗೆ ಎರಡೇ ವೈರ್ ಇರುವ ಕೇಬಲ್ ಹಾಕಿ ಮಾರುವವರೂ ಇದ್ದಾರೆ.

ನನ್ನ ದೂರುಗಳು ಸಣ್ಣವು. ಬಿಸಿಲಲ್ಲಿ ದೀಪ ಸರಿಯಾಗಿ ಕಾಣುವುದಿಲ್ಲ, ಕೈ ಅಡ್ಡ ಹಿಡಿಯಬೇಕು. ಸವೆದ ಹಳೆ ಸಾಕೆಟ್ಟಿನಲ್ಲಿ ಪಿನ್ ಅಲ್ಲಾಡಿ ದೀಪ ಮಿಣುಕುತ್ತದೆ, ಅಂಥ ಸಾಕೆಟ್ ಹೇಗೂ ಬದಲಾಯಿಸಲೇಬೇಕು ಬಿಡಿ. ಕೆಲವು ಕಡೆ ಆರಿರಬೇಕಾದ ದೀಪ ತುಂಬ ಮಂಕಾಗಿ ಉರಿದು ಗೊಂದಲ ಮಾಡುತ್ತದೆ. ಮಂಕಾಗಿ ಉರಿದರೆ ಅಲ್ಲಿ ಏನೋ ಒಂದು ವೈರ್ ಎಲ್ಲೂ ಸರಿಯಾಗಿ ಜೋಡಣೆಯಾಗದೆ ತೇಲುತ್ತಿದೆ ಅಂತ ಲೆಕ್ಕ, ಸರಿ ಅಂತ ಅಲ್ಲ. ಗೀಸರ್, ಎಸಿಯ 16 ಆಂಪಿಯರ್ ಪಾಯಿಂಟ್‌ಗೆ ಇದು ನೇರವಾಗಿ ಕೂರುವುದಿಲ್ಲ. 16ರಿಂದ 6ಕ್ಕೆ ಇಳಿಸುವ ಕನ್ವರ್ಟರ್ ಬೇಕು, ಅದನ್ನು ಮೊದಲು ಮಲ್ಟಿಮೀಟರ್‌ನಲ್ಲಿ ಅರ್ತ್ ಜೋಡಿಸಿದೆಯಾ ನೋಡಿಕೊಂಡೇ ಬಳಸಬೇಕು. ಶಾಕ್ ಹೊಡೆಯುವ ಸಾಧ್ಯತೆ ಹೆಚ್ಚಾಗಿರುವುದೇ ಬಚ್ಚಲುಮನೆಯಲ್ಲಿ, ಅಲ್ಲಿಗೇ ಇದು ನೇರ ಹೊಂದುವುದಿಲ್ಲ ಅನ್ನುವುದು ನನಗೆ ಬೇಸರ. ಐದು ಸ್ಟಾರಿನಲ್ಲಿ ಒಂದನ್ನು ಅದಕ್ಕೇ ಕಡಿಮೆ ಮಾಡಿದ್ದೇನೆ. 16 ಆಂಪಿಯರ್ ಪಿನ್‌ನದೇ ಒಂದು ಮಾಡಿದರೆ ಅದನ್ನೂ ಕೊಳ್ಳುತ್ತೇನೆ.